ಈರಕ್ಕನ ಕಮರದ ಇದ್ದಿಲು

ಕಿಣ್.

ಎರಡು ತುಂಡು ಇದ್ದಿಲನ್ನು ಒಂದಕ್ಕೊಂದು ತಟ್ಟಿದಾಗ ಬರುತ್ತಿದ್ದ ಸದ್ದು ಅದು. ಗಾಜಿನ ಬಳೆ ಕಂಚಿನ ತಟ್ಟೆಯ ಅಂಚಿಗೆ ತಗುಲಿದ ಹಾಗೆ. ನೀವು ನಂಬುವುದಿಲ್ಲ, ಗೊತ್ತು. ಇದ್ದಿಲು ಅಂದರೆ ಮಸಿ, ಕೊಳೆ ಕೈ, ಹಳೇ ಗೋಣಿಚೀಲ. ಅದಕ್ಕೆಲ್ಲಿಯ ಸಂಗೀತ ಅನ್ನುತ್ತೀರಿ. ಆದರೆ ಮಧುಗಿರಿಯ ನಮ್ಮ ಮನೆಯ ಹಿತ್ತಿಲ ಗೇಟಿನ ಹತ್ತಿರ ವಾರಕ್ಕೊಂದು ಬೆಳಗ್ಗೆ ಆ ಸದ್ದು ಕೇಳಿಸುತ್ತಿತ್ತು. ಕಿಣ್, ಕಿಣ್, ಸ್ವಲ್ಪ ಬಿಟ್ಟು ಇನ್ನೊಂದು ಕಿಣ್. "ಇದ್ಲೋ" ಅಂತ ಕೂಗುವ ಅಭ್ಯಾಸ ಈರಕ್ಕನಿಗೆ ಇರಲಿಲ್ಲ. "ಕೂಗಿದ್ರೆ ನನ್ ಗಂಟ್ಲು ಮಾರ್ದಂಗೆ ಆಗ್ತೈತೆ. ಸರಕೇ ಮಾತಾಡ್ಲಿ ಬುಡು" ಅನ್ನುತ್ತಿದ್ದಳು.

ಅದನ್ನೆಲ್ಲ ಮೊನ್ನೆ ಭಾನುವಾರ ನೆನಪಿಸಿದ್ದು ನನ್ನ ಅಳಿಯ. ಒಳ್ಳೆಯ ಮನುಷ್ಯ, ಆದರೆ ಏನು ಮಾಡಿದರೂ ಅದನ್ನೊಂದು ಎಗ್ಸಾಮಿನೇಷನ್ ಥರ ಮಾಡುತ್ತಾರೆ. ಟೆರೇಸಿನ ಮೇಲೆ ಬಾರ್ಬೆಕ್ಯೂ ಅಂತ ಹೊರಟವರು ಅಂಗಡಿಯಿಂದ ಮೂರು ಥರದ ಇದ್ದಿಲು ತಂದು, ಮೂರು ತಟ್ಟೆಯಲ್ಲಿ ಹಚ್ಚಿ, ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಕೂತರು. ಯಾವುದು ಹೆಚ್ಚು ಹೊತ್ತು ಬರುತ್ತದೆ, ಯಾವುದರ ಹೊಗೆ ಕೋಳಿಗೆ ಒಗ್ಗುತ್ತದೆ, ಎಲ್ಲ ಕಂಪೇರ್ ಮಾಡಬೇಕಂತೆ. ಒಂದು ಪ್ಯಾಕೆಟ್ಟಿನ ಮೇಲೆ "ಲಾಂಗ್ ಲಾಸ್ಟಿಂಗ್" ಅಂತ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದರು. ನಾನು ಮೊಣಕಾಲು ನೋವು ಮರೆತು ಎದ್ದು ಹೋಗಿ, ಅದರಿಂದ ಎರಡು ಉಂಡೆ ತೆಗೆದು ತಟ್ಟಿದೆ. ದಪ್ ಅಂದಿತು. ಮೆತ್ತಗಾದ ಬಿಸ್ಕತ್ತಿನ ಸದ್ದು.

"ಅತ್ತೆ, ಏನ್ಮಾಡ್ತಿದ್ದೀರಿ?" ಅಂದರು ಅಳಿಯ.

"ಕೇಳಿಸಿಕೊಳ್ತಿದ್ದೀನಿ" ಅಂದೆ.

ಮಗಳೂ ಅಳಿಯನೂ ಮುಖ ಮುಖ ನೋಡಿಕೊಂಡರು. ನಮ್ಮಂಥ ಮುದುಕಿಯರು ಏನು ಮಾಡಿದರೂ ಜನ ಹೀಗೆ ನೋಡಿಕೊಳ್ಳುತ್ತಾರೆ. ಐ ಡೋಂಟ್ ಮೈಂಡ್. ಒಂದು ಗಂಟೆ ಕೂಡ ಆಗಿರಲಿಲ್ಲ, ಆ ಲಾಂಗ್ ಲಾಸ್ಟಿಂಗ್ ಬೂದಿಯಾಗಿತ್ತು. ಕೋಳಿ ಮೂಳೆಯ ಹತ್ತಿರ ಇನ್ನೂ ಹಸಿ. "ಕಮರ ಇದ್ದಿದ್ದರೆ" ಅಂತ ನನ್ನ ಬಾಯಿಂದ ಬಂದುಬಿಟ್ಟಿತು. "ಯಾವ ಕಮರ ಅತ್ತೆ?" ಅಂತ ಅವರು ಕೇಳಿದರು, ಪೆನ್ನು ಹಿಡಿದುಕೊಂಡೇ. ಒಂದು ಸಾಲಿನಲ್ಲಿ ಬರೆದುಕೊಳ್ಳುವ ವಿಷಯವಲ್ಲ ಅದು. ಮಗಳಿಗೂ ಇದುವರೆಗೆ ಹೇಳಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ನಮ್ಮಪ್ಪ ಮಧುಗಿರಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಅಮ್ಮ ನನ್ನ ಐದನೇ ವರ್ಷಕ್ಕೇ ಹೋಗಿಬಿಟ್ಟಿದ್ದರು. ಅಪ್ಪ ನನ್ನನ್ನು ಬೆಂಗಳೂರಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿ, ಅಡಿಗೆಗೆ ಸಿರಾದ ಗೌಸ್ ಸಾಬರನ್ನು ಇಟ್ಟುಕೊಂಡರು. ಹಿಂದೂ ಡಾಕ್ಟರ ಮನೆಯಲ್ಲಿ ಸಾಬರ ಅಡಿಗೆಯೇ ಅಂತ ಊರು ಕೆಲವು ದಿನ ಮಾತಾಡಿಕೊಂಡಿತು. "ಊಟ ಮಾಡೋನು ನಾನು, ಅಜೀರ್ಣ ಅವರಿಗ್ಯಾಕೆ?" ಅಂದರು ಅಪ್ಪ. ಅಷ್ಟಕ್ಕೆ ಮುಗಿಯಿತು. ಜ್ವರ ಬಂದರೆ ಬರಬೇಕಾದ್ದು ಅವರ ಹತ್ತಿರವೇ ತಾನೇ.

ರಜಕ್ಕೆ ನಾನು ಬರುವಾಗ ನೋಡಬೇಕಾಗಿತ್ತು! ತಲೆಗೆ ನೀಲಿ ರಿಬ್ಬನ್ನು, ಕಾಲಿಗೆ ಬಿಳಿ ಸಾಕ್ಸು, ಬಾಯಲ್ಲಿ ಇಂಗ್ಲಿಷು, ಕೈಯಲ್ಲಿ ಹಿತ್ತಾಳೆ ತುದಿಯ ಪುಟ್ಟ ಕಪ್ಪು ಛತ್ರಿ. ಲೇಡಿಯಾದವಳು ಬಿಸಿಲಿಗೆ ಕಪ್ಪಾಗಬಾರದು ಅಂತ ಸಿಸ್ಟರ್ ಹೇಳಿದ್ದರು. ಮಧುಗಿರಿಯಲ್ಲಿ ಊರಿಗೆ ಊರೇ ಒಂದು ಬಂಡೆಯ ಕೆಳಗಿದೆ. ಆ ಬಂಡೆ ಬೆಳಗ್ಗೆಯಿಂದ ಬಿಸಿಲು ಕುಡಿದು ಸಂಜೆಯವರೆಗೂ ನಮ್ಮ ಮೇಲೆ ಉಗಿಯುತ್ತದೆ. ಅಂಥ ಕಡೆ ನಾನು ಡಿಸೆಂಬರಿನಲ್ಲೂ ಛತ್ರಿ ಬಿಚ್ಚಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದೆ.

"ಕಪ್ಪಗಾದ್ರೆ ಏನಾಗ್ತೈತೆ ಅಮ್ಮಣ್ಣಿ?" ಅಂತ ಈರಕ್ಕ ಕೇಳಿದ್ದಳು. "ಇದ್ಲು ಕಪ್ಪಗಿಲ್ವಾ? ಅದಿಲ್ದಿದ್ರೆ ನಿಮ್ಮಪ್ಪಾರಿಗೆ ಕಾಫಿ ಯಾರು ಕಾಯಿಸ್ಕೊಡ್ತಾರೆ, ನಿನ್ ಛತ್ರಿಯಾ?"

ಈರಕ್ಕ ಎತ್ತರದ ಹೆಂಗಸು. ಕುರಿ ಕಾಯುವ ಮನೆತನದವಳು, ಮಂದೆ ಮೈದುನನ ಪಾಲಾದ ಮೇಲೆ ಗಂಡನ ಜೊತೆ ಇದ್ದಿಲು ಸುಡಲು ಕಲಿತಳು; ಗಂಡ ಸತ್ತ ಮೇಲೆ ಒಬ್ಬಳೇ ಸುಟ್ಟಳು. ಎಡಗಾಲು ಎಳೆದು ಹಾಕುತ್ತಿದ್ದಳು. ಆರಿದೆ ಅಂದುಕೊಂಡು ಒಂದು ಗೂಡಿನ ಮೇಲೆ ಕಾಲಿಟ್ಟಿದ್ದಳಂತೆ ಯಾವಾಗಲೋ. ಗೂಡು ಅಂದರೆ, ಕಟ್ಟಿಗೆಯನ್ನು ಒತ್ತಾಗಿ ಪೇರಿಸಿ, ಮೇಲೆ ಸೊಪ್ಪು ಹೊದಿಸಿ, ಅದರ ಮೇಲೆ ಕೆಮ್ಮಣ್ಣು ಮೆತ್ತಿ, ಒಳಗೆ ಕಿಚ್ಚಿಡುವುದು. ಹೊರಗಿನಿಂದ ನೋಡಿದರೆ ಹೊಗೆಯಾಡುವ ಹುತ್ತದ ಹಾಗಿರುತ್ತದೆ. ಮೊದಲು ದಪ್ಪ ಬಿಳೀ ಹೊಗೆ, ಅದು ಕಟ್ಟಿಗೆಯ ನೀರು. ಆಮೇಲೆ ತೆಳ್ಳಗೆ ನೀಲಿ. ನೀಲಿ ಬಂತೆಂದರೆ ಗಾಳಿಗೆ ಅಂತ ಬಿಟ್ಟಿದ್ದ ಕಂಡಿಗಳನ್ನೆಲ್ಲ ಮುಚ್ಚಿ, ತಣ್ಣಗಾಗುವ ತನಕ ಎರಡು ದಿನ ಕಾಯಬೇಕು. ಇಷ್ಟು ವಿದ್ಯೆ ನನಗೆ ಈಗ ಇದೆ. ಆಗ ಇದ್ದಿದ್ದರೆ!

ಇದ್ದಿಲಿನ ಜಾತಕವೆಲ್ಲ ಅವಳು ನನಗೆ ಹೇಳಿಕೊಟ್ಟಿದ್ದಳು, ಗೇಟಿನ ಕಲ್ಲಿನ ಮೇಲೆ ಕೂತು. ತಂಗಡಿ ಕಡ್ಡಿಯ ಇದ್ದಿಲು ಬೇಗ ಹತ್ತುತ್ತದೆ, ಬೇಗ ಸಾಯುತ್ತದೆ, ಕಾಫಿಗೆ ಸಾಕು. ತೆಂಗಿನ ಚಿಪ್ಪಿನದು ಮೈಯೆಲ್ಲ ಕೋಪ, ಒಂದೇ ಸಲ ಧಗ ಅನ್ನುತ್ತದೆ, ಇಸ್ತ್ರಿಪೆಟ್ಟಿಗೆಗೆ ಹಾಕು. ಹೊಂಗೆಯದು ಕೊಂಡ ಮನೆಯಲ್ಲಿ ಹೊಗೆಗೆ ಎಲ್ಲರೂ ಅತ್ತ ಕಣ್ಣಿನಲ್ಲೇ ಇರುತ್ತಾರೆ. ಹುಣಸೆಯದಕ್ಕೆ ಕಾವೇನೋ ಒಳ್ಳೆಯದು, ಆದರೆ ಸಿಡಿಯುತ್ತದೆ. ನನ್ನ ಫ್ರಾಕಿನ ಅಂಚಿನಲ್ಲಿ ಅದರ ಗುರುತು ಇತ್ತು. ಕಾನ್ವೆಂಟಿನಲ್ಲಿ ರಿಪೋರ್ಟ್ ಬರೆದಿದ್ದರೆ ಹುಣಸೆಗೆ "ಬ್ರೈಟ್, ಬಟ್ ಟಾಕೇಟಿವ್" ಅಂತ ಬರೆಯುತ್ತಿದ್ದರು. ನನ್ನ ರಿಪೋರ್ಟಿನಲ್ಲಿ ಬರೆದಿದ್ದೂ ಅದೇ, ಇರಲಿ.

ಜಾಲಿಮರದ್ದು ಗೌಸ್ ಸಾಬರ ಇದ್ದಿಲು. ಬೇರೆ ಯಾವುದರ ಮೇಲೂ ಅವರು ಕಬಾಬ್ ಮಾಡುತ್ತಿರಲಿಲ್ಲ. ಈರಕ್ಕ ಮೂಟೆ ಸುರಿದರೆ ಅವರು ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ತುಂಡು ಎತ್ತಿ ನೋಡುವರು.

"ಹುಣಸೆ ಸೇರಿಸಿದ್ದೀಯಲ್ಲಾ ಈರಕ್ಕಾ?"

"ನಿಮ್ ಗಡ್ಡದಾಗೆ ಬಿಳೀ ಕೂದ್ಲು ಸೇರ್ಕಂಡಿಲ್ವಾ ಸಾಬ್ರೇ? ಅಂಗೇ ಒಂದೆರಡು ಸೇರ್ಕಂಡೈತೆ."

"ತೋಬಾ! ಗಡ್ಡ ಸಿಡಿಯಲ್ಲಮ್ಮ ತಾಯಿ. ನಿನ್ನ ಹುಣಸೆ ಸಿಡಿದು ನನ್ನ ಗಡ್ಡಕ್ಕೇ ಬೀಳ್ತದೆ."

"ಬಿದ್ರೆ ಒಳ್ಳೇದೇ ಬುಡಿ. ಕ್ಷೌರದ ಖರ್ಚು ಉಳೀತು."

ಇಷ್ಟೆಲ್ಲ ಆದ ಮೇಲೆ ಅವರು ಜಾಲಿಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಒಡೆದು, ಬಿಸಿಲಲ್ಲಿ ಒಣಗಿಸಿ, ಮುಚ್ಚಳವಿದ್ದ ಡಬ್ಬದಲ್ಲಿ ತುಂಬಿಡುವರು, ಬೇರೆಯವರು ಒಡವೆ ಇಡುವ ಹಾಗೆ. ಭಾನುವಾರ ಸಂಜೆ ಹಿತ್ತಿಲಲ್ಲಿ ಅಗ್ಗಿಷ್ಟಿಕೆ ಹಚ್ಚಿದರೆ ಮೊದಲು ಏನೂ ಮಾಡದೆ ಸುಮ್ಮನೆ ಕೂರುತ್ತಿದ್ದರು. ಇದ್ದಿಲಿನ ಮೇಲೆ ಬಿಳೀ ಬೂದಿ ಪೌಡರಿನ ಹಾಗೆ ಬರುವವರೆಗೂ ಮಾಂಸ ಹತ್ತಿರ ತರುತ್ತಿರಲಿಲ್ಲ. "ಉರಿ ಮೇಲೆ ಸುಡೋನು ಹಸಿದೋನು, ಕೆಂಡದ ಮೇಲೆ ಸುಡೋನು ಬಾವರ್ಚಿ, ಬೇಬಿ" ಅನ್ನುವರು. ಕೊನೆಗೆ ಪಾತ್ರೆಯ ನಡುವೆ ಈರುಳ್ಳಿ ಸಿಪ್ಪೆಯ ಬಟ್ಟಲಿಟ್ಟು, ಅದರಲ್ಲೊಂದು ಕೆಂಡ ಹಾಕಿ, ಕೆಂಡದ ಮೇಲೆ ಒಂದು ಚಮಚ ತುಪ್ಪ ಬಿಟ್ಟು, ತಟ್ಟನೆ ಮುಚ್ಚುವರು. ಆ ಹೊಗೆಯಲ್ಲಿ ಕಬಾಬು ಕಾಲು ಗಂಟೆ ಇರಬೇಕು. ಮುಚ್ಚಳ ತೆಗೆದಾಗಿನ ಆ ವಾಸನೆ... ದೇವರೇ, ಎಷ್ಟು ಪಾರ್ಟಿಗಳಿಗೆ ಹೋಗಿದ್ದೇನೆ ಈ ಜನ್ಮದಲ್ಲಿ, ಎಲ್ಲೂ ಸಿಕ್ಕಲಿಲ್ಲ.

ಈರಕ್ಕ ನಮ್ಮ ಮನೆಯಲ್ಲಿ ಏನೂ ತಿನ್ನುತ್ತಿರಲಿಲ್ಲ, ಸಾಬರು ಮುಟ್ಟಿದ್ದು ಅಂತ. ಆದರೆ ಭಾನುವಾರ ಏನಾದರೂ ನೆಪ ತೆಗೆದು ಬಂದು ಗೇಟಿನ ಹೊರಗೆ ಕೂರುವಳು. "ಮೂಗಿಗೆ ಕಟ್ಟುಪಾಡಿಲ್ಲ ಬುಡು ಅಮ್ಮಣ್ಣಿ" ಅನ್ನುವಳು. ಅವಳು ಯಾವಾಗಲಾದರೂ ಮೊಸರು ತಂದರೆ ಅದರಲ್ಲೂ ಒಂದು ಹೊಗೆಯ ವಾಸನೆ ಇರುತ್ತಿತ್ತು. ಕೆಂಡದ ಮೇಲೆ ಗಡಿಗೆ ಮಗುಚಿ, ಅದಕ್ಕೆ ಹೊಗೆ ಕುಡಿಸಿ, ಆಮೇಲೆ ಹಾಲು ಹೆಪ್ಪು ಹಾಕುವುದು ಅವರ ಪದ್ಧತಿ. ಗೌಸ್ ಸಾಬರು ಒಂದು ಚಮಚ ಬಾಯಿಗೆ ಹಾಕಿಕೊಂಡು "ಹೂಂ" ಅಂದಿದ್ದರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ವಿದ್ಯೆ. ಇಬ್ಬರೂ ಒಪ್ಪಿಕೊಳ್ಳಲಿಲ್ಲ.

ಇನ್ನು ಕಮರ. ಕಮರದ ಮರ ನೀವು ನೋಡಿರುತ್ತೀರೋ ಇಲ್ಲವೋ. ಪಾವಗಡದ ಕಡೆ, ಸಿರಾ ಕಡೆ ಕಲ್ಲುನೆಲದಲ್ಲಿ ನಿಂತಿರುತ್ತದೆ. ಚಿಟ್ಟೆ ರೆಕ್ಕೆಯಂಥ ಜೋಡಿ ಎಲೆ, ಕೊಡಲಿಯ ಬಾಯಿ ಮುರಿಯುವಂಥ ಕಟ್ಟಿಗೆ. ಅದರ ಇದ್ದಿಲು ಹತ್ತುವುದು ನಿಧಾನ. ಹತ್ತಿದ ಮೇಲೆ ಸಂಜೆ ಬೂದಿ ಮುಚ್ಚಿಟ್ಟರೆ ಬೆಳಗ್ಗೆ ಹೊತ್ತು ಹುಟ್ಟಿದ ಮೇಲೂ ಒಳಗೆ ಕೆಂಪಗಿರುತ್ತದೆ. ಸಿಡಿಯುವುದಿಲ್ಲ, ಹೊಗೆಯಿಲ್ಲ. ಕಿಣ್ ಅನ್ನುವುದರಲ್ಲಿ ಅದೇ ಮೊದಲು. ಒಂದು ಸಲ ನಾನು "ಕಮರದ ಮೇಲೆ ಕಬಾಬ್ ಮಾಡಿದರೆ?" ಅಂದದ್ದಕ್ಕೆ ಈರಕ್ಕ ಕೆನ್ನೆ ಬಡಿದುಕೊಂಡಳು. "ಅದು ಬಾಣಂತಿ ಇದ್ಲು ಕಣಮ್ಮ. ಬಾಡು ಸುಡೋಕಲ್ಲ."

ಅವಳು ಹಾಗೆಂದಾಗ ನನಗೆ ಅವಳ ಮಗಳು ಗಂಗಿಯ ಕಥೆ ಗೊತ್ತಿರಲಿಲ್ಲ. ಆಮೇಲೆ ಅಪ್ಪ ಹೇಳಿದರು. ಗಂಗಿಯನ್ನು ಪಾವಗಡದ ಆಚೆ ಬಲಸಮುದ್ರದ ಹತ್ತಿರ ಒಂದು ಹಟ್ಟಿಗೆ ಕೊಟ್ಟಿದ್ದರು. ಅವರಲ್ಲಿ ಬಾಣಂತಿ ಹಟ್ಟಿಯೊಳಗೆ ಇರುವ ಹಾಗಿಲ್ಲ. ಹೊರಗೊಂದು ಸೋಗೆ ಗುಡಿಸಲಲ್ಲಿ ಮಗುವಿನ ಜೊತೆ ಇರಬೇಕು. ಅದಕ್ಕಾಗಿ ಅಪ್ಪ ಎಷ್ಟೋ ಸಲ ಕೂಗಾಡಿ ಸೋತಿದ್ದರು. ಹಿಂದಿನ ವರ್ಷ ಪುಷ್ಯದ ಚಳಿಯಲ್ಲಿ ಗಂಗಿಗೆ ಗಂಡುಮಗುವಾಯಿತು. ಗುಡಿಸಲಲ್ಲಿಟ್ಟಿದ್ದ ತಂಗಡಿ ಕೆಂಡ ಬೆಳಗಿನ ಜಾವಕ್ಕೆ ಆರಿಹೋಗಿತ್ತು. ಮಗು ಎಂಟು ದಿನ ಇತ್ತು, ಅಷ್ಟೆ. ಈಗ ಗಂಗಿ ಮತ್ತೆ ಬಸುರಿ. ಮತ್ತೆ ಪುಷ್ಯದಲ್ಲೇ ದಿನ.

"ಈ ಸಲ ನಾನೇ ಹೋಗಿ ಕೂತ್ಕಂತೀನಿ" ಅಂದಳು ಈರಕ್ಕ ನಮ್ಮಪ್ಪನ ಹತ್ತಿರ. "ಕೆಂಡ ಹೆಂಗೆ ಆರ್ತೈತೋ ನೋಡ್ತೀನಿ."

ಗಂಗಿಯನ್ನೇ ಕರೆಸಿಕೊಳ್ಳೋಣ ಅಂದರೆ, ಆ ಕಲ್ಲುದಾರಿಯಲ್ಲಿ ಗಾಡಿಯಲ್ಲಿ ಕುಲುಕಿಕೊಂಡು ಬರುವುದು ಬೇಡ ಅಂತ ಅಪ್ಪನೇ ಹೇಳಿದ್ದರು. ಈರಕ್ಕ ನಡೆದು ಹೋಗೋಣವೆಂದರೆ ಆ ಕಾಲು, ಮೇಲೆ ತಲೆಯ ಮೇಲೆ ಮೂಟೆ. ಉಳಿದದ್ದು ಬಸ್ಸು. ಯುದ್ಧದ ಕಾಲ ಅದು. ಪೆಟ್ರೋಲ್ ಸಿಗದೆ ಬಸ್ಸುಗಳೂ ಇದ್ದಿಲು ತಿನ್ನುತ್ತಿದ್ದವು! ಹಿಂಭಾಗಕ್ಕೆ ನೀರೊಲೆ ಹಂಡೆಯಂಥ ಒಂದು ದೊಡ್ಡ ಡ್ರಮ್ ಕಟ್ಟಿರೋರು. ಅದರಲ್ಲಿ ಇದ್ದಿಲು ತುಂಬಿ, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕಿಚ್ಚು ಮಾಡಿದರೆ ಅದರ ಗ್ಯಾಸಿನಿಂದ ಎಂಜಿನ್ ಕೆಮ್ಮಿಕೊಂಡು ಹೊರಡುತ್ತಿತ್ತು. ದಿಬ್ಬ ಬಂದರೆ ಎಲ್ಲರೂ ಇಳಿದು ನಡೆಯಬೇಕು. ನಾನು ಬೆಂಗಳೂರಿಂದ ಬರುವಷ್ಟರಲ್ಲಿ ನನ್ನ ಬಿಳಿ ಸಾಕ್ಸನ್ನು ಗುರುತು ಹಿಡಿಯಲು ಆಗುತ್ತಿರಲಿಲ್ಲ.

ಪಾವಗಡದ ಬಸ್ಸಿನ ಡ್ರೈವರು ಓಬುಳಪ್ಪ. ಅದರಲ್ಲಿ ಸೀಟು ಸಿಗುವುದು ಅಂದರೆ ಲಾಟರಿ ಹೊಡೆದ ಹಾಗೆ; ನೌಕರರು, ವರ್ತಕರು, ಅವರ ಬಂಧುಗಳು ಮೊದಲೇ ಹಿಡಿದಿರುತ್ತಿದ್ದರು. ಆದರೆ ಓಬುಳಪ್ಪನಿಗೊಂದು ಹಸಿವಿತ್ತು. ಕೆಟ್ಟ ಇದ್ದಿಲು ಡ್ರಮ್ಮಿನಲ್ಲಿ ಕಿಟ್ಟ ಕಟ್ಟಿ ದಾರಿ ಮಧ್ಯೆ ಅವನ ಮಾನ ಕಳೆಯುತ್ತಿತ್ತು. "ರೆಂಡು ಮೂಟೆ ಕಮರ ತೆಚ್ಚಿ ಇಯ್ಯಿ ಅಕ್ಕಾ" ಅಂದ ಅವನು ತನ್ನ ಅರ್ಧ ತೆಲುಗಿನಲ್ಲಿ. "ನನ್ ಪಕ್ಕದ ಸೀಟು ನಿಂದೇ. ಮಹಾರಾಣಿ ಮಾದ್ರಿ ಹೋಗ್ಬೋದು."

ಕಮರ ಎಲ್ಲಿಂದ ತರುವುದು? ಸರ್ಕಾರದ ಅಪ್ಪಣೆಯಿಲ್ಲದೆ ಕಡಿಯುವ ಹಾಗಿಲ್ಲ. ಅವಳ ಅದೃಷ್ಟಕ್ಕೆ ಆ ಕಾರ್ತಿಕದ ಗಾಳಿಗೆ ಪಟೇಲರ ಹೊಲದ ಬದುವಿನ ಹಳೇ ಕಮರ ಉರುಳಿತು. ಬೊಡ್ಡೆ ಗಾಡಿಯ ಅಚ್ಚಿಗೆ ಇಟ್ಟುಕೊಂಡು ಕೊಂಬೆಯೆಲ್ಲ ಈರಕ್ಕನಿಗೆ ಕೊಟ್ಟರು. ಮೂರು ಮೂಟೆಗೆ ಸರಿಯಾಗುತ್ತದೆ ಅಂತ ಅವಳ ಲೆಕ್ಕ. ಎರಡು ಬಸ್ಸಿಗೆ, ಒಂದು ಗಂಗಿಯ ಗುಡಿಸಲಿಗೆ.

ಬೆಟ್ಟದ ಹಿಂಬದಿಯಲ್ಲಿ ಅವಳು ಗೂಡು ಹಾಕಿದ ದಿನದಿಂದ ನಾನು ಛತ್ರಿ ಹಿಡಿದುಕೊಂಡು ದಿನಾ ಅಲ್ಲಿಗೆ ಹೋದೆ. ಕ್ರಿಸ್ಮಸ್ ರಜ, ಬೇರೆ ಕೆಲಸವೇನು ನನಗೆ? ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಹೆಂಗಸರ ಧ್ವನಿಯೇ ಇರಲಿಲ್ಲ. ಈರಕ್ಕ ಗೂಡಿನ ಸುತ್ತ ಕುಂಟುತ್ತಾ ಅಂಗೈಯಿಂದ ಮಣ್ಣು ತಟ್ಟುತ್ತಾ ಅದರ ಜೊತೆ ಮಾತಾಡುವಳು. "ಯಾಕವ್ವಾ ಈ ಮಗ್ಗಲು ಬಿಸಿ? ಸುಮ್ಕಿರು, ಸುಮ್ಕಿರು." ನಾನು ಕಲ್ಲಿನ ಮೇಲೆ ಕೂತು ಕೇಳುತ್ತಿದ್ದೆ. ನನ್ನನ್ನೇ ಸಮಾಧಾನ ಮಾಡುತ್ತಿದ್ದಾಳೆ ಅಂತ ಅನ್ನಿಸುವುದು ಒಂದೊಂದು ಸಲ.

ಐದನೇ ದಿನ ಕಂಡಿಗಳನ್ನೆಲ್ಲ ಮುಚ್ಚಿದಳು. ನಾಲ್ಕು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಕಣ್ಣು ಜಾಲಿ ಕೆಂಡದ ಹಾಗಿದ್ದವು. ಮಧ್ಯಾಹ್ನ ಹುಣಸೆ ಮರದ ನೆರಳಿಗೆ ಹೋಗಿ, "ಅಮ್ಮಣ್ಣಿ, ಒಂದ್ ರೆಪ್ಪೆ ಮುಚ್ಚಿ ತೆಗೀತೀನಿ. ನೋಡ್ಕಂಡಿರು. ಎಲ್ಲಾದ್ರೂ ಬಿರುಕು ಬುಟ್ಟು ಹೊಗೆ ಬಂದ್ರೆ ಒಂದ್ ಬೊಗಸೆ ಮಣ್ಣಾಕು. ಬ್ಯಾರೆ ಏನೂ ಮುಟ್ಬ್ಯಾಡ" ಅಂದಳು. ಮಾತು ಮುಗಿಯುವಷ್ಟರಲ್ಲಿ ನಿದ್ದೆ.

ನೋಡಿಕೊಂಡಿದ್ದೆ. ಬಹಳ ಹೊತ್ತು ನೋಡಿದೆ. ಗೂಡಿನಿಂದ ಒಂದೆಳೆ ಹೊಗೆ ಇಲ್ಲ. ನಿನ್ನೆವರೆಗೂ ಉಸಿರಾಡುತ್ತಿದ್ದದ್ದು ಇವತ್ತು ಸತ್ತ ಹಾಗಿದೆ. ನನಗೆ ಗಾಬರಿಯಾಯಿತು. ಅದೇ ಟರ್ಮಿನಲ್ಲಿ ಸಿಸ್ಟರ್ ಒಂದು ಮೋಂಬತ್ತಿ ಹಚ್ಚಿ ಅದರ ಮೇಲೆ ಗಾಜಿನ ಜಾಡಿ ಮಗುಚಿ ತೋರಿಸಿದ್ದರು. ಗಾಳಿ ಇಲ್ಲದಿದ್ದರೆ ಬೆಂಕಿ ಸಾಯುತ್ತದೆ, ಗರ್ಲ್ಸ್. ಆ ಪ್ರಯೋಗದ ಚಿತ್ರ ಬರೆದು ನಾನು ಪ್ರೈಜ್ ತಗೊಂಡಿದ್ದೆ. ಪಾಪ, ಈರಕ್ಕನಿಗೆ ಸಯನ್ಸ್ ಗೊತ್ತಿಲ್ಲ. ಎಲ್ಲ ಕಂಡಿ ಮುಚ್ಚಿಬಿಟ್ಟಿದ್ದಾಳೆ. ಒಳಗೆ ಬೆಂಕಿ ಆರಿ ಕಟ್ಟಿಗೆ ಹಸಿಯಾಗಿ ಉಳಿದರೆ, ಗಂಗಿಯ ಮಗು?

ಎದ್ದೆ. ಗಾಳಿ ಬೀಸುವ ಕಡೆಗೆ ಹೋಗಿ, ಬುಡದಲ್ಲಿ, ಛತ್ರಿಯ ಹಿತ್ತಾಳೆ ತುದಿಯನ್ನು ಮಣ್ಣಿಗೆ ಒತ್ತಿ ತಿರುಗಿಸಿದೆ. ಒಂದು ದುಂಡನೆಯ ತೂತು. ಒಳಗಿನಿಂದ ಬಿಸಿ ಉಸಿರು ಬಂತು. ಈರಕ್ಕನನ್ನು ಎಬ್ಬಿಸಲಿಲ್ಲ; ಎದ್ದ ಮೇಲೆ ಸರ್ಪ್ರೈಜ್ ಆಗಲಿ ಅಂತ ಕಲ್ಲಿನ ಮೇಲೆ ಕೂತು ಸ್ಟೋರಿಬುಕ್ ತೆಗೆದೆ.

ಎಷ್ಟು ಪುಟ ಓದಿದೆನೋ. ಬುಸ್ ಅಂತ ಸದ್ದಾಯಿತು. ತಲೆಯೆತ್ತಿದರೆ ಗೂಡಿನ ಒಂದು ಮಗ್ಗಲು ಕುಸಿದು ಒಳಗೆ ಕೆಂಪೋ ಕೆಂಪು. ಈರಕ್ಕ ಎದ್ದು ಬಂದದ್ದು ನನಗೆ ಕಾಣಲಿಲ್ಲ. ಕಂಡದ್ದು ಅವಳು ಮಂಕರಿಯಲ್ಲಿ ಮಣ್ಣು ಎತ್ತೆತ್ತಿ ಎಸೆಯುತ್ತಿದ್ದದ್ದು, ಕುಡಿಯುವ ನೀರಿನ ಗಡಿಗೆ ಸುರಿದದ್ದು. "ಮಣ್ಣು! ಮಣ್ಣಾಕಮ್ಮ!" ನಾನೂ ಬೊಗಸೆಯಲ್ಲಿ ಹಾಕಿದೆ. ಸಂಜೆಗೆ ಎಲ್ಲ ತಣ್ಣಗಾಯಿತು. ಬೂದಿ ಕೆದಕಿ ಕೆದಕಿ ಆರಿಸಿದಳು. ಒಂದು ಮೂಟೆಯೂ ತುಂಬಲಿಲ್ಲ, ಅರ್ಧ.

ಅವಳು ಕೂಗಾಡಲಿಲ್ಲ. ನೆಲಕ್ಕೆ ಕೂತು ತನ್ನ ಎಡಗಾಲನ್ನು ಒತ್ತಿಕೊಳ್ಳುತ್ತಾ, "ನಾ ಮಲಗಬಾರ್ದಾಗಿತ್ತು" ಅಂದಳು. "ಇಷ್ಟ್ ವರ್ಸದಾಗೆ ಒಂದ್ ಗೂಡೂ ನನ್ ಕೈಯಾಗೆ ಇಂಗೆ ಓಗಿರ್ಲಿಲ್ಲ. ಮಗಳ ಗೂಡೇ ಓಗ್ಬೇಕಾ?"

ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಛತ್ರಿಯನ್ನು ಬಿಚ್ಚದೆ ಕಂಕುಳಲ್ಲಿ ಒತ್ತಿಕೊಂಡು ಹೋದೆ.

ಹೇಳಿದ್ದು ಗೌಸ್ ಸಾಬರ ಹತ್ತಿರ ಮಾತ್ರ. ಅವರು ಕೈಯಲ್ಲಿದ್ದ ಪಪ್ಪಾಯಿಕಾಯಿ ಕೆಳಗಿಟ್ಟು ಪೂರ್ತಿ ಕೇಳಿದರು.

"ಸಾಬರೇ, ನಿಮ್ಮ ಡಬ್ಬದ ಜಾಲಿ ಕೊಡಿ. ಎಲ್ಲಾ ಕೊಡಿ. ಬಸ್ಸಿಗೆ ಅದನ್ನ ಕೊಟ್ಟರೆ ಕಮರ ಗಂಗಿಗೆ ಉಳಿಯುತ್ತೆ."

"ಯಾ ಅಲ್ಲಾ! ಭಾನುವಾರ ನಿಮ್ಮಪ್ಪನವರ ಮೇಲಿನ ದೊಡ್ಡ ಡಾಕ್ಟರು ಮೇಮ್‌ಸಾಬ್ ಸಮೇತ ಊಟಕ್ಕೆ ಬರ್ತಾರೆ. ಕಬಾಬ್ ಯಾತರ ಮೇಲೆ ಸುಡಲಿ ಬೇಬಿ, ನಿನ್ನ ಸಯನ್ಸ್ ಬುಕ್ಕಿನ ಮೇಲಾ?"

ನಾನು ಅತ್ತುಬಿಟ್ಟೆ. ಅವರು ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡರು. ಆಮೇಲೆ ಡಬ್ಬಗಳನ್ನೂ, ಅಟ್ಟದ ಮೇಲೆ ಬಚ್ಚಿಟ್ಟಿದ್ದ ಇನ್ನೊಂದು ಮೂಟೆಯನ್ನೂ ತಂದು ನನ್ನ ಮುಂದಿಟ್ಟರು. "ಅವಳಿಗೆ ನಾನು ಕೊಟ್ಟೆ ಅನ್ನಬೇಡ. ಆಮೇಲೆ ಜನ್ಮವಿಡೀ ನನಗೆ ಹುಣಸೆ ಸೇರಿಸಿ ಕೊಡ್ತಾಳೆ, ದೋಸ್ತಿ ಅಂತ." ಭಾನುವಾರ ಹುಣಸೆ ಇದ್ದಿಲಿನ ಮೇಲೇ ಕಬಾಬ್ ಆಯಿತು. ಅದು ತನ್ನ ಬುದ್ಧಿ ಬಿಡಲಿಲ್ಲ. ಒಂದು ಕಿಡಿ ಹಾರಿ ದೊಡ್ಡ ಡಾಕ್ಟರ ಹೆಂಡತಿಯ ಶಾಲಿನಲ್ಲಿ ತೂತು ಬಿತ್ತು. "ನನ್ನ ತಪ್ಪು ಹುಜೂರ್" ಅಂತ ಗೌಸ್ ಸಾಬರು ತಲೆ ತಗ್ಗಿಸಿದರು. ನಾನು ಊಟದ ಮೇಜಿನಲ್ಲಿ ನ್ಯಾಪ್ಕಿನ್ ಮಡಿಸುತ್ತಾ ಕೂತಿದ್ದೆ, ವೆರಿ ಲೇಡಿಲೈಕ್.

ಕಥೆಯ ಕೊನೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸಸ್ಪೆನ್ಸ್ ಇಡುವುದು ನನಗೆ ಬರುವುದಿಲ್ಲ, ಮತ್ತು ನಿಮಗೆ ಗಂಗಿಯ ಮಗುವಿನದೇ ಯೋಚನೆ ಇರುತ್ತದೆ. ನಾನು ಬೋರ್ಡಿಂಗಿಗೆ ಹಿಂತಿರುಗಿ ಎಷ್ಟೋ ವಾರಗಳಾದ ಮೇಲೆ ಅಪ್ಪನ ಕಾಗದ ಬಂತು. ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು, ನನ್ನ ಸ್ಪೆಲಿಂಗ್ ಸುಧಾರಿಸಲಿ ಅಂತ. ಓಬುಳಪ್ಪ ಒಂದು ಗಡಿಗೆ ಮೊಸರು ತಂದುಕೊಟ್ಟನಂತೆ, ಈರಕ್ಕ ಕಳಿಸಿದ್ದು. ಗಂಗಿಗೆ ಹೆಣ್ಣುಮಗು. ಅರ್ಧ ಮೂಟೆ ಕಮರವನ್ನು ಈರಕ್ಕ ದಿನಕ್ಕಿಷ್ಟೇ ಅಂತ ಎಣಿಸಿ, ಬೂದಿ ಮುಚ್ಚಿ, ಬಾಣಂತನ ಮುಗಿಯುವ ತನಕ ಒಂದು ಬೆಳಗ್ಗೆಯೂ ಆರಗೊಡಲಿಲ್ಲವಂತೆ. "ಮೊಸರಿನಲ್ಲಿ ಹೊಗೆಯ ರುಚಿ ಇತ್ತು. ಗೌಸ್ ಎರಡು ಸಲ ಹಾಕಿಸಿಕೊಂಡ" ಅಂತ ಬರೆದಿದ್ದರು. ನಾನು ಆ ಕಾಗದವನ್ನು ಮೂಸಿ ನೋಡಿದ್ದೆ. ಫೂಲಿಷ್ ಗರ್ಲ್. ಕಾಗದದಲ್ಲಿ ಏನಿರುತ್ತದೆ, ಆಸ್ಪತ್ರೆಯ ಕಾರ್ಬಾಲಿಕ್ ವಾಸನೆ.

ಈರಕ್ಕ ಮೊಮ್ಮಗಳ ಜೊತೆ ಅಲ್ಲೇ ಉಳಿದಳು. ಆ ಬೇಸಿಗೆಗೆ ಅಪ್ಪನಿಗೆ ಕೊರಟಗೆರೆಗೆ ವರ್ಗವಾಯಿತು. ಅಲ್ಲಿಗೆ ಇದ್ದಿಲು ತರುತ್ತಿದ್ದವನು ಗಟ್ಟಿಯಾಗಿ ಕೂಗುತ್ತಿದ್ದ. ಪಾವಗಡದ ಕಡೆಯ ಡ್ರೈವರುಗಳು ಯಾರಾದರೂ ಸಿಕ್ಕರೆ ಕೇಳುತ್ತಿದ್ದೆ. ಯಾವ ಈರಕ್ಕ, ಆ ಹೆಸರಿನವರು ಹಟ್ಟಿಗೆ ನಾಲ್ಕು ಜನ ಇದ್ದಾರೆ ಅನ್ನುತ್ತಿದ್ದರು. ಆಮೇಲೆ ಪೆಟ್ರೋಲ್ ಬಂತು, ಮಹಾರಾಜರ ಕಾಲ ಹೋಯಿತು, ನನ್ನ ಮದುವೆಯಾಯಿತು. "ಈರಕ್ಕ, ಅದು ನಾನು" ಅನ್ನುವ ಮಾತನ್ನು ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಹತ್ತು ಸಲ ರಿಹರ್ಸಲ್ ಮಾಡಿದ್ದೇನೆ. ಅಡಿಗೆಮನೆಯಲ್ಲಿ, ರೈಲಿನಲ್ಲಿ, ನನ್ನ ಮಗಳು ಹುಟ್ಟಿದ ಆಸ್ಪತ್ರೆಯ ಮಂಚದ ಮೇಲೆ, ನರ್ಸು ಹೀಟರ್ ಹಚ್ಚಿಟ್ಟು ಹೋದಾಗ.

ಹೇಳುವುದಕ್ಕೆ ಒಂದು ಅವಕಾಶ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ, ಈರಕ್ಕ ಗಂಗಿಯ ಹಟ್ಟಿಗೆ ಹೊರಟ ಬೆಳಗ್ಗೆ. ನಾನೂ ಅಪ್ಪನೂ ಕಳಿಸಿಕೊಡಲು ಹೋಗಿದ್ದೆವು. ಹಿಂದಿನ ದಿನ ಜಾಲಿ ಮೂಟೆಗಳನ್ನು ಕೊಟ್ಟಾಗ ಈರಕ್ಕ ಒಂದು ತುಂಡನ್ನು ಇನ್ನೊಂದಕ್ಕೆ ತಟ್ಟಿ, ಗಾತ್ರ ನೋಡಿ, "ನಿಂಬೆಹಣ್ಣಿನಂಗೆ ಒಡ್ದವ್ರೆ" ಅಂದು ನಮ್ಮ ಅಡಿಗೆಮನೆಯ ಕಡೆಗೊಮ್ಮೆ ನೋಡಿದ್ದಳು. ಓಬುಳಪ್ಪ ಮೂಟೆ ಬಿಚ್ಚಿ ನೋಡಿದ.

"ಏಮಕ್ಕಾ, ಕಮರ ಅಂಟಿವೇ? ಇದಿ ಜಾಲಿ."

"ಜಾಲಿನೇ. ಕಮರ ಸುಟ್ಟೋಯ್ತು. ಸುಳ್ಳೇಳಿ ಹತ್ತೋಳಲ್ಲ ನಾನು."

"ಜಾಲಿ ಹಾಕ್ಕೊಂಡು ಮಿಡಿಗೇಶಿ ದಿಬ್ಬ ಹತ್ತಿಸ್ಬೇಕಾ ನಾನು? ನಿಂತ್ರೆ ನೀನೇ ಇಳ್ದು ನೂಕ್ಬೇಕು."

"ನೂಕ್ತೀನಿ ನಡಿ. ಎರಡೆಮ್ಮೆ ಶಕ್ತಿ ಐತೆ ನನ್ ತಾವ. ಒಂದ್ ಕಾಲು ಕುಂಟು ಅಷ್ಟೆ."

ಸುತ್ತ ಇದ್ದವರೆಲ್ಲ ನಕ್ಕರು. ಓಬುಳಪ್ಪನೂ ನಕ್ಕ. "ಸರ್ಲೇ, ಎಕ್ಕು ಎಕ್ಕು" ಅಂತ ಬಾಗಿಲು ತೆಗೆದ. ಈರಕ್ಕ ಅರ್ಧ ಮೂಟೆ ಕಮರವನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ಹತ್ತಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲಿಟ್ಟುಕೊಂಡಳು. ಜೀವಮಾನದಲ್ಲೇ ಮೊದಲ ಸಲ ಬಸ್ಸಿನೊಳಗೆ. ಹಿಂದುಗಡೆ ಹ್ಯಾಂಡಲ್ ತಿರುಗಿಸುತ್ತಿದ್ದರು. ಎಂಜಿನ್ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು. ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ. ಛತ್ರಿಯನ್ನು ನೆಲಕ್ಕೂರಿಕೊಂಡು, ಬಾಯಿ ತೆರೆದೆ. "ಈರಕ್ಕ" ಅಂದೆ. ಎಂಜಿನ್ ಹತ್ತಿಕೊಂಡಿತು. ಬಸ್ಸು ಅಲುಗಿತು.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ರಿಬ್ಬನ್ನನ್ನು ಮಸಿ ಕೈಯಿಂದಲೇ ಒಂದು ಸಲ ಸರಿಮಾಡಿದಳು.

"ಅಮ್ಮಣ್ಣಿ, ಛತ್ರಿ ತುದಿ ಒರೆಸ್ಕೊ" ಅಂದಳು. "ಗೂಡಿನ ಮಣ್ಣು ಇನ್ನೂ ಅಂಗೇ ಐತೆ."

ಬಗ್ಗಿ ನೋಡಿದೆ. ಹಿತ್ತಾಳೆಯ ಸುತ್ತ ಕೆಮ್ಮಣ್ಣು ಸುಟ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು. ತಲೆ ಎತ್ತುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು, ಹಿಂದಿನ ಡ್ರಮ್ಮಿನಿಂದ ತೆಳ್ಳಗೆ ನೀಲಿ ಹೊಗೆ ಬಿಡುತ್ತಾ.